ಉಳಿಯದ ಮಗುವಿಗಾಗಿ ಕಾದ 15 ವಾರ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಪವಾಡ ಇಲ್ಲ. ಮಗು ಉಳಿಯಲಿಲ್ಲ. ಹಾಗಾದರೆ ಪ್ರಾರ್ಥನೆ ಬಗ್ಗೆ ಬರೆಯೋಕೆ ಏನಿದೆ ಅಂತ ಕೇಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ 15 ವಾರದಲ್ಲಿ ಪ್ರಾರ್ಥನೆ ಒಂದು ಮನೆಯನ್ನು ಹಿಡಿದು ನಿಲ್ಲಿಸಿದ್ದನ್ನೂ ನೋಡಿದೆ, ಅದೇ ಪ್ರಾರ್ಥನೆ ಒಬ್ಬ ತಾಯಿಯ ಬಾಯಿ ಕಟ್ಟಿದ್ದನ್ನೂ ನೋಡಿದೆ. ಬಾಯಿ ಕಟ್ಟಿದವರಲ್ಲಿ ನಾನೂ ಒಬ್ಬಳು.

ನಾನು ಆಸ್ಪತ್ರೆಯೊಂದರಲ್ಲಿ ಚಾಪ್ಲಿನ್. ಅಂದರೆ ರೋಗಿಗಳ ಪಕ್ಕ ಕೂರುವವಳು, ಅವರ ಮಾತು ಕೇಳುವವಳು, ಬೇಕು ಅಂದರೆ ಪ್ರಾರ್ಥಿಸುವವಳು. ಈ ದಂಪತಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಇಲ್ಲ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಆಕೆಗೆ ಇದು ಎರಡನೇ ಬಸಿರು. ಮೊದಲನೆಯವಳಿಗೆ 4 ವರ್ಷ. ಗಂಡ ಹೆಂಡತಿ ಇಬ್ಬರೂ ಚರ್ಚಿನಲ್ಲಿ ಬೆಳೆದವರು, ಭಾನುವಾರದ ಆರಾಧನೆ ತಪ್ಪಿಸಿದವರಲ್ಲ, ಬುಧವಾರದ ಪ್ರಾರ್ಥನಾ ಕೂಟ ಅವರ ಮನೆಯಲ್ಲೇ ನಡೆಯುತ್ತಿತ್ತು.

ಏನಾಗಿತ್ತು

20ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ಸುತ್ತ ನೀರೇ ಕಾಣಲಿಲ್ಲ. ಮೂತ್ರಕೋಶ ತುಂಬುತ್ತದಾ ಅಂತ ಡಾಕ್ಟರ್ ಒಂದು ಗಂಟೆ ಕಾದು ಮತ್ತೆ ನೋಡಿದರು. ಹೊಟ್ಟೆಯೊಳಗಿನ ಮಗುವಿನ ಮೂತ್ರಕೋಶ ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ತುಂಬಿ ಖಾಲಿಯಾಗುತ್ತಿರುತ್ತದೆ. ಇಲ್ಲಿ ತುಂಬಲೇ ಇಲ್ಲ. ಮಗುವಿಗೆ ಎರಡೂ ಕಿಡ್ನಿ ಬೆಳೆದಿರಲಿಲ್ಲ.

ಇದು ಸುಮಾರು 4,000 ಹೆರಿಗೆಗೆ ಒಂದರಂತೆ ಕಾಣಿಸುತ್ತದೆ. ಕಿಡ್ನಿ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಯಾಕೆ ತೊಂದರೆ ಅಂತ ಆಕೆಯ ಗಂಡ ನನ್ನನ್ನು ಮೂರು ಸಲ ಕೇಳಿದರು, ಡಾಕ್ಟರ್ ಹೇಳಿದ್ದು ತಲೆಗೆ ಹೋಗಿರಲಿಲ್ಲ. ಸುಮಾರು 16ನೇ ವಾರದಿಂದ ಗರ್ಭದ ನೀರಿನಲ್ಲಿ ಬಹುಪಾಲು ಮಗುವಿನ ಮೂತ್ರವೇ. ಮಗು ಆ ನೀರನ್ನೇ ಒಳಗೆಳೆದು ಹೊರಬಿಡುತ್ತಾ ಇರುತ್ತದೆ, ಶ್ವಾಸಕೋಶ ಬೆಳೆಯುವುದು ಹಾಗೆ. ನೀರಿಲ್ಲದಿದ್ದರೆ ಅದು ಬೆಳೆಯುವುದಿಲ್ಲ. ಆದರೆ ಹೊಟ್ಟೆಯಲ್ಲಿ ಇರುವಷ್ಟು ದಿನ ಮಗುವಿಗೆ ಉಸಿರೂ ಬೇಡ, ಕಿಡ್ನಿಯೂ ಬೇಡ. ಎಲ್ಲಾ ಕೆಲಸ ಮಾಸು ಮತ್ತು ತಾಯಿಯ ಮೈ ಮಾಡುತ್ತವೆ. ಅದಕ್ಕೇ ಮಗು ಒದೆಯುತ್ತಿತ್ತು, ಎದೆಬಡಿತ ಸರಿಯಾಗಿತ್ತು. ಇದು ಎಂಥ ವಿಚಿತ್ರ ಹಿಂಸೆ ಅಂತ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಆಕೆ ಒಂದು ದಿನ ಹೇಳಿದರು, "ನನ್ನೊಳಗೆ ಇರೋ ತನಕ ಇವನು ಚೆನ್ನಾಗಿದ್ದಾನೆ ಅಕ್ಕ. ಹೆತ್ತರೆ ನಾನೇ ಇವನನ್ನ ಕಳಿಸಿದ ಹಾಗೆ."

ಬಸಿರು ಮುಂದುವರಿಸದೆ ಇರುವ ದಾರಿಯನ್ನೂ ಡಾಕ್ಟರ್ ಹೇಳಿದ್ದರು. ಇವರು ಮುಂದುವರಿಸುವುದು ಅಂತ ತೀರ್ಮಾನಿಸಿದರು. ಬೇರೆ ಥರ ತೀರ್ಮಾನಿಸಿದ ಎಷ್ಟೋ ಜನರ ಪಕ್ಕದಲ್ಲೂ ನಾನು ಕೂತಿದ್ದೇನೆ, ಅವರಲ್ಲೂ ಪ್ರಾರ್ಥಿಸುವವರು ಇದ್ದರು. ಆ ಚರ್ಚೆ ಇಲ್ಲಿ ಬೇಡ.

ನನ್ನ ಮೊದಲ ತಪ್ಪು

ಸ್ಕ್ಯಾನ್ ಆದ ಮೂರನೇ ದಿನ ನಾನು ಅವರನ್ನು ಮೊದಲು ಭೇಟಿಯಾದೆ. ಪ್ರಾರ್ಥಿಸಲಾ ಅಂತ ಕೇಳಿದೆ. ಆಯ್ತು ಅಂದರು. ನಾನು ಉದ್ದಕ್ಕೆ ಪ್ರಾರ್ಥಿಸಿದೆ. ಡಾಕ್ಟರ ಮಾತು ಕೊನೆಯ ಮಾತಲ್ಲ, ಸತ್ತವರನ್ನು ಎಬ್ಬಿಸಿದ ಕರ್ತನಿಗೆ ಎರಡು ಕಿಡ್ನಿ ದೊಡ್ಡದಲ್ಲ ಅಂತ ಏನೇನೋ. ಗಂಡ ಜೋರಾಗಿ ಆಮೆನ್ ಅಂದರು. ಆಕೆಯೂ ಅಂದರು, ಮೆಲ್ಲಗೆ.

ಎರಡು ತಿಂಗಳಾದ ಮೇಲೆ ಆ ದಿನದ ಮಾತು ಬಂತು. "ನೀವು ಆಸ್ಪತ್ರೆಯವರು, ನಿಮ್ಮ ಹತ್ತಿರ ನಿಜ ಮಾತಾಡಬಹುದು ಅಂದ್ಕೊಂಡಿದ್ದೆ. ನೀವೂ ಅದನ್ನೇ ಕೇಳಿಬಿಟ್ರಿ. ಆಮೇಲೆ ನಾನು ಸುಮ್ನೆ ಆಗಿಬಿಟ್ಟೆ."

ನಾನು ಆ ದಿನ ಆಕೆಯನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಏನಂತ ಪ್ರಾರ್ಥಿಸಲಿ ಅಂತ ಕೇಳಬೇಕಿತ್ತು, ಅಷ್ಟೇ. ಈಗ ಅದನ್ನು ಕೇಳದೆ ನಾನು ಬಾಯಿ ತೆರೆಯುವುದಿಲ್ಲ. ಹಾಗೆ ಕೇಳಿದರೆ ಜನ ಹೇಳುವುದು ಎಷ್ಟು ಸಣ್ಣದಿರುತ್ತದೆ ಗೊತ್ತಾ? ಇವತ್ತು ರಾತ್ರಿ ನಿದ್ದೆ ಬರಲಿ. ನಾಳೆ ಅತ್ತೆಗೆ ಹೇಳುವಾಗ ಅಳು ಬರದಿರಲಿ. ಇಂಥವು.

ಚರ್ಚಿನವರು ಬಂದರು

ಚರ್ಚಿನವರು ಪ್ರೀತಿಯಿಂದಲೇ ಬಂದರು, ಅದನ್ನು ಮೊದಲು ಹೇಳಬೇಕು. 40 ದಿನದ ಉಪವಾಸ ಪ್ರಾರ್ಥನೆ ಶುರುವಾಯಿತು, ಒಬ್ಬೊಬ್ಬರು ಒಂದೊಂದು ದಿನ ಹಂಚಿಕೊಂಡರು. ವಾಟ್ಸಾಪಿನಲ್ಲಿ ಗುಂಪು ಮಾಡಿದರು. ಹೊಟ್ಟೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಯಾರೋ ದಿನಕ್ಕೆ 5 ಲೀಟರ್ ನೀರು ಕುಡಿ, ಗರ್ಭದ ನೀರು ಜಾಸ್ತಿಯಾಗುತ್ತೆ ಅಂದರು. ತಾಯಿಯ ಮೈಯಲ್ಲಿ ನೀರು ಕಡಿಮೆಯಾಗಿ ಗರ್ಭದ ನೀರು ಇಳಿದಿದ್ದರೆ ಆ ಮಾತಿಗೆ ಅರ್ಥ ಇತ್ತು. ಕಿಡ್ನಿಯೇ ಇಲ್ಲದ ಮಗುವಿಗೆ ತಾಯಿ ಕೆರೆ ಕುಡಿದರೂ ಪ್ರಯೋಜನ ಇಲ್ಲ. ಆಕೆ ಕುಡಿದರು. ಕುಡಿಯದಿದ್ದರೆ ನಾಳೆ ತನ್ನದೇ ತಪ್ಪಾಗುತ್ತದೆ ಅಂತ.

ಕಷ್ಟ ಎಲ್ಲಿ ಶುರುವಾಯಿತು ಅಂದರೆ, ಗುಂಪಿನಲ್ಲಿ ಹಿರಿಯರೊಬ್ಬರು ಒಂದು ನಿಯಮ ತಂದರು. ಮಗು ಉಳಿಯಲ್ಲ ಅನ್ನೋ ಮಾತು ಯಾರ ಬಾಯಿಂದಲೂ ಬರಬಾರದು, ಬಂದರೆ ಅದು ಅವಿಶ್ವಾಸ. ಪ್ರಾರ್ಥನೆಯಲ್ಲಿ ಏನು ಕೇಳಿದರೂ ಸಿಕ್ಕಿಯೇ ಬಿಟ್ಟಿದೆ ಅಂತ ನಂಬಿ ಅನ್ನುವ, ಬೈಬಲಿನ ಮಾರ್ಕನ ಸುವಾರ್ತೆಯ 11ನೇ ಅಧ್ಯಾಯದ ವಚನವನ್ನು ದಿನಾ ಹಾಕುತ್ತಿದ್ದರು. ಸಾಕ್ಷಿ ಹೇಳೋಕೆ, ಅಂದರೆ ದೇವರು ಮಾಡಿದ್ದನ್ನು ಸಭೆಯ ಮುಂದೆ ಹೇಳೋಕೆ, ಈಗಲೇ ತಯಾರಾಗು ತಂಗಿ ಅಂತ ಆಕೆಗೆ ಹೇಳಿದರು. ಪ್ರತಿ ಸ್ಕ್ಯಾನ್ ಮುಗಿದ ಹತ್ತೇ ನಿಮಿಷಕ್ಕೆ, ಆಕೆ ಇನ್ನೂ ಹೊಟ್ಟೆ ಮೇಲಿನ ಜೆಲ್ ಒರೆಸಿಕೊಳ್ಳುತ್ತಿರುವಾಗಲೇ, ನೀರು ಬಂತಾ ಅಂತ ಮೆಸೇಜು.

ಇದರಿಂದ ಆಸ್ಪತ್ರೆಯ ಕೆಲಸಕ್ಕೇ ಅಡ್ಡಿಯಾಯಿತು. ಮಗು ಹುಟ್ಟಿದ ಮೇಲೆ ಏನು ಮಾಡಬೇಕು, ಏನು ಬೇಡ ಅಂತ ಮೊದಲೇ ಬರೆದಿಟ್ಟುಕೊಳ್ಳುವುದು ಇಂಥ ಬಸಿರಿನಲ್ಲಿ ತುಂಬಾ ಮುಖ್ಯ. ಉಸಿರಿಗೆ ನಳಿಕೆ ಹಾಕುವುದಾ, ಮಗುವಿನ ಎದೆಬಡಿತ ಇಳಿದರೆ ಸಿಸೇರಿಯನ್ ಮಾಡುವುದಾ, ಮೊದಲು ಯಾರ ಕೈಗೆ ಕೊಡುವುದು, ಫೋಟೋ ಬೇಕಾ. ನರ್ಸ್ ಎರಡು ಸಲ ಕೂರಿಸಿ ಕೇಳಿದರು. ಎರಡು ಸಲವೂ ಆಕೆ ಆಮೇಲೆ ಹೇಳ್ತೀನಿ ಅಂದರು. ಅದನ್ನು ಬರೆದರೆ ಮಗುವಿನ ಸಾವಿಗೆ ಸಹಿ ಹಾಕಿದ ಹಾಗೆ ಅಂತ ಆಕೆಗೆ ಅನಿಸಿತ್ತು.

24ನೇ ವಾರದ ಸ್ಕ್ಯಾನ್

ಯಾರೋ ಹೇಳಿದರು ಅಂತ ಇವರು ಬೇರೊಂದು ಕಡೆ ಹೋಗಿ ಸ್ಕ್ಯಾನ್ ಮಾಡಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದವರು, ಎಡಗಡೆ ಕಿಡ್ನಿ ಥರ ಏನೋ ಕಾಣ್ತಿದೆ, ಖಚಿತ ಇಲ್ಲ, ದೊಡ್ಡ ಕಡೆ ತೋರಿಸಿ ಅಂದರು. "ಖಚಿತ ಇಲ್ಲ" ಅನ್ನುವುದು ಮನೆ ತಲುಪುವಷ್ಟರಲ್ಲಿ ಉದುರಿಹೋಗಿತ್ತು. ಭಾನುವಾರ ಆರಾಧನೆಯಲ್ಲಿ ಘೋಷಣೆಯಾಯಿತು. ಚಪ್ಪಾಳೆ, ಹಾಡು, ಅಳು. ಗಂಡ ನನಗೂ ಫೋನ್ ಮಾಡಿದರು, ಆ ದನಿ ಈಗಲೂ ಕಿವಿಯಲ್ಲಿದೆ.

25ನೇ ವಾರದಲ್ಲಿ ಫೀಟಲ್ ಮೆಡಿಸಿನ್ ಡಾಕ್ಟರ್, ಅಂದರೆ ಹೊಟ್ಟೆಯೊಳಗಿನ ಮಗುವಿನ ತಜ್ಞರು, ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡಿದರು. ಕಂಡದ್ದು ಕಿಡ್ನಿಯಲ್ಲ, ಅಡ್ರಿನಲ್ ಗ್ರಂಥಿ. ಮಾಮೂಲಿಯಾಗಿ ಅದು ಕಿಡ್ನಿ ಮೇಲೆ ಟೋಪಿಯ ಹಾಗೆ ಕೂತಿರುತ್ತದೆ. ಕೆಳಗೆ ಕಿಡ್ನಿ ಇಲ್ಲದಿದ್ದರೆ ಉದ್ದಕ್ಕೆ, ಚಪ್ಪಟೆಯಾಗಿ ಮಲಗಿಬಿಡುತ್ತದೆ. ನೋಡುವವರಿಗೆ ಕಿಡ್ನಿಯಂತೆ ಕಾಣುವುದೂ ಉಂಟು. ಕಿಡ್ನಿಗೆ ರಕ್ತ ಒಯ್ಯುವ ನಾಳ ಎರಡೂ ಕಡೆ ಇರಲಿಲ್ಲ, ಅಲ್ಲಿಗೆ ಅನುಮಾನ ಮುಗಿಯಿತು.

ಸೂಜಿಯಿಂದ ಗರ್ಭದೊಳಗೆ ಮತ್ತೆ ಮತ್ತೆ ನೀರು ತುಂಬುವ ಚಿಕಿತ್ಸೆ ಬಗ್ಗೆ ಗಂಡ ಓದಿಕೊಂಡು ಬಂದಿದ್ದರು. ಅಮೆರಿಕದಲ್ಲಿ ಅದರ ಪ್ರಯೋಗ ನಡೆದು 2023ರಲ್ಲಿ ಫಲಿತಾಂಶ ಬಂದಿದೆ. ಜೀವಂತ ಹುಟ್ಟಿದ 17 ಮಕ್ಕಳಲ್ಲಿ 14 ಮಕ್ಕಳು ಎರಡು ವಾರ ದಾಟಿದರು, ಆಸ್ಪತ್ರೆಯಿಂದ ಮನೆಗೆ ಹೋದದ್ದು 6. ಅಂದರೆ ಶ್ವಾಸಕೋಶ ಬೆಳೆಸಬಹುದು, ಕಿಡ್ನಿ ಬೆಳೆಸಲಾಗದು. ಮಗು ಹುಟ್ಟಿದಂದಿನಿಂದ ಡಯಾಲಿಸಿಸ್ ಮೇಲೆ. ಆ ಪ್ರಯೋಗಕ್ಕೆ 26 ವಾರದ ಒಳಗಿನವರನ್ನು ಮಾತ್ರ ತೆಗೆದುಕೊಂಡಿದ್ದರು, ಇವರಿಗೆ ಉಳಿದಿದ್ದು ದಿನಗಳು. ಡಾಕ್ಟರ್ ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು. ಒಂದು ರಾತ್ರಿ ಯೋಚಿಸಿ ಇಬ್ಬರೂ ಬೇಡ ಅಂದರು. ಅದನ್ನು ಸೋಲು ಅಂತ ನಾನು ಕರೆಯಲಾರೆ.

ಆ ವಾರ ಆಕೆ ಪ್ರಾರ್ಥಿಸುವುದನ್ನು ಬಿಟ್ಟುಬಿಟ್ಟರು. ಬೈಬಲ್ ತೆರೆಯಲಿಲ್ಲ. ಗುಂಪಿನಲ್ಲಿ ಮಾತ್ರ ಇನ್ನೂ "ಎಡಗಡೆ ಕಿಡ್ನಿಗಾಗಿ ಸ್ತೋತ್ರ" ಅಂತ ಮೆಸೇಜು ಬರುತ್ತಲೇ ಇತ್ತು, ಯಾಕೆಂದರೆ ಇಲ್ಲ ಅಂತ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಇಷ್ಟೊಂದು ಜನರ ಸಂತೋಷವನ್ನು ಯಾರು ಹೋಗಿ ಒಡೆಯುವುದು? ಆಕೆ ತನ್ನ ಮಗುವಿಗಿಂತ ಹೆಚ್ಚಾಗಿ ಗುಂಪಿನ ನಂಬಿಕೆಯನ್ನು ಕಾಯುತ್ತಾ ಕೂತಿದ್ದರು. ನನಗೆ ಕಣ್ಣು ತೆರೆಸಿದ್ದು ಇದೇ. ಪ್ರಾರ್ಥನೆ ಆಕೆಯನ್ನು ಹೊರಬೇಕಿತ್ತು, ಆಕೆ ಪ್ರಾರ್ಥನೆಯನ್ನು ಹೊರುತ್ತಿದ್ದರು.

139ನೇ ಕೀರ್ತನೆಯ ಕಾರ್ಡು

ಕೂಟದ ಸಹೋದರಿಯೊಬ್ಬರು ಒಂದು ಕಾರ್ಡು ಕೊಟ್ಟಿದ್ದರು. ಅದರ ಮೇಲೆ ಬೈಬಲಿನ 139ನೇ ಕೀರ್ತನೆಯ 13ನೇ ವಚನ, ನನ್ನ ಅಂತರಂಗವನ್ನು ಉಂಟುಮಾಡಿದವನು ನೀನೇ, ತಾಯಿಯ ಗರ್ಭದಲ್ಲಿ ನನ್ನನ್ನು ರೂಪಿಸಿದವನು ನೀನೇ ಅನ್ನುವ ಅರ್ಥದ್ದು. ಬಸುರಿಯರಿಗೆ ಎಲ್ಲರೂ ಕೊಡುವ ವಚನ ಅದು, ಅಲ್ವಾ.

ಆಕೆ ಅದರ ವಿವರಣೆ ಹುಡುಕುತ್ತಾ ಒಂದು ವಿಷಯ ಕಂಡುಕೊಂಡರು. ಅಲ್ಲಿ ಅಂತರಂಗ ಅಂತ ನಾವು ಓದುವ ಕಡೆ ಹೀಬ್ರೂ ಮೂಲದಲ್ಲಿರುವ ಪದದ ನೇರ ಅರ್ಥ ಕಿಡ್ನಿ. ನಾವು ಕರುಳು ಅನ್ನುತ್ತೇವಲ್ಲ, ಕರುಳು ಚುರುಕ್ ಅಂತು, ಕರುಳಬಳ್ಳಿ ಅಂತ, ಹಾಗೆ ಆ ಕಾಲದ ಇಬ್ರಿಯರಿಗೆ ಮನಸ್ಸಿನ ಒಳಗಿನ ಒಳಗು ಅಂದರೆ ಕಿಡ್ನಿ. ಹಾಗಾಗಿ ಅನುವಾದದಲ್ಲಿ ಅಂತರಂಗ ಅಂದದ್ದು ತಪ್ಪಲ್ಲ. ಆದರೆ ಆಕೆಗೆ ಅದು ಹೇಗೆ ಕೇಳಿಸಿರಬೇಕು ಯೋಚಿಸಿ. ನನ್ನ ಕಿಡ್ನಿಗಳನ್ನು ಉಂಟುಮಾಡಿದವನು ನೀನೇ.

ಆ ಕಾರ್ಡು ಹಿಡಿದುಕೊಂಡೇ ನನ್ನ ರೂಮಿಗೆ ಬಂದರು. "ಇದನ್ನ ಓದಿ ನಾನು ಸ್ತೋತ್ರ ಹೇಳಬೇಕಾ? ಎಲ್ಲರಿಗೂ ಮಾಡಿಕೊಟ್ಟಿದ್ದಾನೆ. ನನ್ನ ಮಗನಿಗೆ ಮಾತ್ರ ಕೈ ಬರಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇದನ್ನ ನನಗಲ್ಲ, ಅವನಿಗೇ ಹೇಳಿ ಅಂದೆ. ಹಾಗೆಲ್ಲ ದೇವರ ಹತ್ತಿರ ಮಾತಾಡಬಹುದಾ ಅಂದರು. 13ನೇ ಕೀರ್ತನೆ ತೆಗೆದು ತೋರಿಸಿದೆ. ಮೊದಲ ಎರಡೇ ವಚನದಲ್ಲಿ ನಾಲ್ಕು ಸಲ "ಎಷ್ಟರ ತನಕ" ಅಂತ ಕೇಳುತ್ತಾನೆ. ಆಮೇಲೆ 88ನೆಯದು. ದೂರುವ ಕೀರ್ತನೆಗಳು ಬಹಳಷ್ಟು ಕೊನೆಗೆ ಒಂದು ಭರವಸೆಯ ಮಾತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಇದನ್ನು ಬರೆದವನನ್ನು ಅವಿಶ್ವಾಸಿ ಅಂತ ಯಾರೂ ಬೈಬಲಿನಿಂದ ತೆಗೆದುಹಾಕಿಲ್ಲ. ಆಕೆ ಅದನ್ನು ಎರಡು ಸಲ ಓದಿ, ಇದು ಸಾಕು ಅಂದರು. ಆಮೇಲಿನ ಮೂರು ವಾರ ಆಕೆಯ ಪ್ರಾರ್ಥನೆ ಬರೀ ಅದೇ. ದಿನಕ್ಕೊಂದು ಸಲ 88ನೇ ಕೀರ್ತನೆ, ಮುಚ್ಚಿಡುವುದು. ಆಮೆನ್ ಕೂಡ ಇಲ್ಲ.

ಎರಡಕ್ಕೂ

27ನೇ ವಾರದಲ್ಲಿ ಪಾಸ್ಟರನ್ನು ಕರೆಸಿ ಮಾತಾಡಿದೆವು. ಆಕೆಯೇ ಮಾತಾಡಿದರು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಅಡ್ರಿನಲ್ ವಿಷಯ ಹೇಳಿದರು. ಸಾಕ್ಷಿ ಹೇಳು ಅಂದದ್ದು ಎಷ್ಟು ನೋವಾಯಿತು ಅಂತಲೂ ಹೇಳಿದರು. ಪಾಸ್ಟರ್ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಕ್ಷಮಿಸಮ್ಮ. ಗುಣ ಆಗಲಿ ಅಂತ ಕೇಳೋದನ್ನ ನಾನು ಬಿಡಲ್ಲ. ಆದರೆ ಇನ್ನೊಂದಕ್ಕೂ ಕೇಳೋಣ. ಎರಡಕ್ಕೂ ಕೇಳೋಣ" ಅಂದರು.

ಮುಂದಿನ ಭಾನುವಾರ ಅವರು ದಾನಿಯೇಲನ 3ನೇ ಅಧ್ಯಾಯ ಓದಿದರು. ಬೆಂಕಿಯ ಕುಲುಮೆ ಎದುರು ನಿಂತ ಮೂವರು, ನಮ್ಮ ದೇವರು ಬಿಡಿಸಬಲ್ಲನು ಅಂತ ಒಂದು ವಚನದಲ್ಲಿ ಹೇಳಿ, ಮುಂದಿನ ವಚನದಲ್ಲೇ ಬಿಡಿಸದೆ ಹೋದರೂ ಅನ್ನುತ್ತಾರೆ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆ ತೊಲಗಲಿ ಅಂತ ಯೇಸುವೇ ಮೂರು ಸಲ ಕೇಳಿದ್ದನ್ನು ನೆನಪಿಸಿದರು. ಆ ಪಾತ್ರೆ ತೊಲಗಲಿಲ್ಲ. ಅವನಲ್ಲಿ ನಂಬಿಕೆ ಕಡಿಮೆ ಇತ್ತು ಅಂತ ಯಾರಾದರೂ ಹೇಳ್ತೀರಾ ಅಂತ ಕೇಳಿದರು. ನಾನು ಕೇಳಿದ ಒಳ್ಳೆಯ ಪ್ರಸಂಗಗಳಲ್ಲಿ ಅದೊಂದು, 12 ನಿಮಿಷ ಕೂಡ ಇರಲಿಲ್ಲ.

ನಿಯಮ ತಂದಿದ್ದ ಹಿರಿಯರು ಗುಂಪು ಬಿಟ್ಟರು. ಉಳಿದವರು ಕೇಳುವುದನ್ನು ಬದಲಿಸಿದರು. ಮಗು ಗುಣವಾಗಲಿ. ಆಗದಿದ್ದರೆ ಜೀವಂತ ಹುಟ್ಟಲಿ, ಅಮ್ಮನ ಕೈಗೆ ಸಿಗಲಿ, ನೋವಾಗದಿರಲಿ. ಹೀಗೆ ಬಿಡಿಬಿಡಿಯಾಗಿ ಕೇಳತೊಡಗಿದ ಮೇಲೆ ಒಂದು ವಿಚಿತ್ರ ಆಯಿತು. ಪ್ರಾರ್ಥನೆಯಲ್ಲಿ ಬಂದ ಮಾತುಗಳನ್ನೇ ಆಕೆ ನರ್ಸ್ ಹತ್ತಿರ ಹೇಳಲು ಶುರುಮಾಡಿದರು. ನೋವಾಗದಿರಲಿ ಅಂತ ಕೇಳ್ತಿದ್ದೀವಿ, ಅದಕ್ಕೆ ನಿಮ್ಮ ಹತ್ತಿರ ಏನಿದೆ? ಸ್ವಲ್ಪವೇ ಮಾರ್ಫಿನ್ ಬಾಯೊಳಗೆ ಹಾಕಿದರೆ ಏದುಸಿರಿನ ಸಂಕಟ ಕಡಿಮೆಯಾಗುತ್ತದೆ ಅಂತ ಗೊತ್ತಾಯಿತು. ಕೈಗೆ ಸಿಗಲಿ ಅಂತ ಕೇಳ್ತಿದ್ದೀವಿ, ಹುಟ್ಟಿದ ತಕ್ಷಣ ಎದೆ ಮೇಲೆ ಹಾಕ್ತೀರಾ? ಹಾಕ್ತೀವಿ. ಒಂದು ತಿಂಗಳಿಂದ ಬರೆಯದೆ ಬಿಟ್ಟಿದ್ದ ಹಾಳೆ ಒಂದೇ ಮಧ್ಯಾಹ್ನ ತುಂಬಿತು. ನಳಿಕೆ ಬೇಡ. ಮಗುವಿಗಾಗಿ ಸಿಸೇರಿಯನ್ ಬೇಡ. ಹೆರಿಗೆ ವೇಳೆ ಎದೆಬಡಿತದ ಮೆಷಿನ್ ಬೇಡ. ಬೆಚ್ಚಗಿಡುವುದು, ಎದೆಗೆ ಒತ್ತಿಕೊಳ್ಳುವುದು, ದೀಕ್ಷಾಸ್ನಾನ, ಫೋಟೋ, ಪಾದದ ಅಚ್ಚು.

ದೀಕ್ಷಾಸ್ನಾನ, ಅಂದರೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವುದು, ಅದರ ಬಗ್ಗೆ ಒಂದು ಮಾತು. ಇವರ ಸಭೆಯಲ್ಲಿ ಎಳೆಮಕ್ಕಳಿಗೆ ಕೊಡುತ್ತಾರೆ. ಕೊಡದೆ ಮಗುವನ್ನು ಸಮರ್ಪಿಸಿ ಪ್ರಾರ್ಥಿಸುವ ಸಭೆಗಳೂ ಇವೆ. ಪಾದ್ರಿ ಬರುವ ಹೊತ್ತಿಗೆ ಮಗು ಹೋಗಿಬಿಟ್ಟರೆ ಅನ್ನುವ ಭಯ ತುಂಬಾ ಜನರನ್ನು ತಿನ್ನುತ್ತದೆ. ಕ್ಯಾಥೋಲಿಕ್ ಸಭೆಯ ಕಾನೂನಿನಲ್ಲೇ, ತುರ್ತಿನಲ್ಲಿ ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ (ದೀಕ್ಷಾಸ್ನಾನಕ್ಕೆ ಅವರು ಅನ್ನುವ ಹೆಸರು) ಕೊಡಬಹುದು ಅಂತ ಇದೆ, ನರ್ಸ್ ಕೂಡ. ಅದೂ ಆಗದೆ ಹೋದ ಮಕ್ಕಳ ವಿಷಯದಲ್ಲಿ ದೇವರ ಕರುಣೆ ಮೇಲೆ ಭರವಸೆ ಇಡಲು ಕಾರಣಗಳಿವೆ ಅಂತ 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರಜ್ಞರ ಆಯೋಗ ಹೇಳಿದೆ. ಹಾಗಾಗಿ ಯಾರಾದರೂ ನಿಮ್ಮನ್ನು ಈ ವಿಷಯದಲ್ಲಿ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಗಂಡ

ಗಂಡ ಮಾತ್ರ ಬದಲಾಗಲಿಲ್ಲ. ಹಾಳೆಗೆ ಸಹಿ ಹಾಕಿದರು, ಹೆಂಡತಿ ಬರೆದದ್ದಕ್ಕೆಲ್ಲ ಒಪ್ಪಿದರು. ಆದರೆ ಪ್ರತಿ ರಾತ್ರಿ ಒಂಬತ್ತೂವರೆಗೆ ಹೆಂಡತಿಯ ಹೊಟ್ಟೆ ಮೇಲೆ ಕೈಯಿಟ್ಟು ಒಂದೇ ಮಾತು, ಕರ್ತನೇ ಕಿಡ್ನಿ ಕೊಡು. ಆಕೆಗೆ ಅದು ತಡೆಯಲಾಗುತ್ತಿರಲಿಲ್ಲ. ಆತನಿಗೆ ಅದನ್ನು ಬಿಡಲಾಗುತ್ತಿರಲಿಲ್ಲ, ಬಿಟ್ಟರೆ ಅಪ್ಪನಾಗಿ ಮಾಡಲು ಇನ್ನೇನೂ ಇಲ್ಲ ಅಂತ. ಇಬ್ಬರೂ ಬೇರೆಬೇರೆಯಾಗಿ ಬಂದು ನನ್ನ ಹತ್ತಿರ ಹೇಳಿಕೊಂಡರು.

ಒಬ್ಬರ ಪ್ರಾರ್ಥನೆಯನ್ನು ಇನ್ನೊಬ್ಬರು ತಿದ್ದಬೇಕಾಗಿಲ್ಲ ಅಂತ ಮಾತ್ರ ಹೇಳಿದೆ. ದಾರಿ ಅವರೇ ಹುಡುಕಿಕೊಂಡರು. ಆತ ಕೈಯಿಡುವುದು, ಆದರೆ ಬಾಯಿಬಿಡದೆ. ಆಮೇಲೆ ಇಬ್ಬರೂ ಸೇರಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವುದು, ಬೇರೇನೂ ಬೇಡ. ಅದರಲ್ಲೂ ನಿನ್ನ ಇಷ್ಟದಂತೆಯೇ ಆಗಲಿ ಅನ್ನುವ ಅರ್ಥದ "ನಿನ್ನ ಚಿತ್ತವು" ಸಾಲು ಬಂದಾಗ ಆಕೆ ಸುಮ್ಮನಾಗುತ್ತಿದ್ದರು. ಆತ ಒಬ್ಬರೇ ಹೇಳುತ್ತಿದ್ದರು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅನ್ನುವಲ್ಲಿ ಆಕೆ ಮತ್ತೆ ಸೇರಿಕೊಳ್ಳುತ್ತಿದ್ದರು. ಈ ಹೊತ್ತು ಅನ್ನೋದೊಂದು ನನಗೆ ಹಿಡಿಸುತ್ತೆ ಅಕ್ಕ, ನಾಳೆ ಮಾತು ಅದರಲ್ಲಿ ಇಲ್ಲ ಅಂದರು.

4 ವರ್ಷದ ಮಗಳು ಒಂದು ರಾತ್ರಿ ಕೇಳಿದಳಂತೆ, ಪಾಪುಗೆ ಕಿಡ್ನಿ ಕೊಡೋದು ದೇವರಿಗೆ ಮರೆತುಹೋಯ್ತಾ ಅಂತ. ದೇವರಿಗೆ ಪುಟ್ಟ ದೇವದೂತ ಬೇಕಿತ್ತು, ಅದಕ್ಕೆ ಕರ್ಕೋತಾನೆ ಅಂತ ಹೇಳು ಅಂದಿದ್ದರು ಯಾರೋ. ದಯವಿಟ್ಟು ಮಕ್ಕಳಿಗೆ ಹಾಗೆ ಹೇಳಬೇಡಿ, ನಾಳೆ ನನ್ನನ್ನೂ ಕರ್ಕೋತಾನಾ ಅಂತ ಮಗು ಕತ್ತಲೆಗೆ ಹೆದರುತ್ತದೆ. ಇವರು, ಮರೆತಿಲ್ಲ ಪುಟ್ಟಿ, ಯಾಕೆ ಅಂತ ಅಮ್ಮನಿಗೂ ಗೊತ್ತಿಲ್ಲ, ಅಮ್ಮ ಕೇಳ್ತಾ ಇದ್ದಾಳೆ ಅಂದರಂತೆ.

ಹೆರಿಗೆ

35ನೇ ವಾರದಲ್ಲಿ ರಾತ್ರಿ ನೋವು ಶುರುವಾಯಿತು. ನೀರಿಲ್ಲದ ಕಡೆ ಮಗುವಿಗೆ ತಿರುಗಲು ಜಾಗ ಇರುವುದಿಲ್ಲ, ತಲೆ ಮೇಲೆಯೇ ಇತ್ತು, ಕಾಲು ಮೊದಲು ಬಂತು. ಗಂಡುಮಗು. ಸಣ್ಣದೊಂದು ದನಿ ಮಾಡಿದ, ಅಳು ಅನ್ನಲಾಗದು.

ಮುಖ ಹೇಗಿರಬಹುದು ಅಂತ ನರ್ಸ್ ಮೊದಲೇ ಹೇಳಿದ್ದರು. ಚಪ್ಪಟೆ ಮೂಗು, ಕೆಳಗಿಳಿದ ಕಿವಿ, ಕಣ್ಣ ಕೆಳಗೆ ಮಡಿಕೆ. ಎಡಿತ್ ಪಾಟರ್ ಅನ್ನುವ ವೈದ್ಯೆ 1946ರಲ್ಲೇ ಈ ಮಕ್ಕಳ ಮುಖಲಕ್ಷಣವನ್ನು ಬರೆದಿಟ್ಟಿದ್ದರು. ಗರ್ಭದೊಳಗೆ ಮೆತ್ತೆಯಂತೆ ಇರಬೇಕಾದ ನೀರಿಲ್ಲದೆ ಒತ್ತಿ ಒತ್ತಿ ಆದದ್ದು. ಮೊದಲೇ ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಆಕೆ ನೋಡಿದ್ದೇ, ಅಯ್ಯೋ ಜಾಗ ಸಾಲಲಿಲ್ವಾ ಕಂದ ಅಂತ ಮೂಗು ಸವರಿದರು.

ನೀರು ಹಾಕಿದ್ದು ಅಪ್ಪ. ಪಾಸ್ಟರ್ ಬಾಗಿಲಲ್ಲೇ ಇದ್ದರು, ನೀವೇ ಹಾಕಿ ಅಂದರು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅನ್ನುವಷ್ಟರಲ್ಲಿ ಆತನ ಕೈ ನಡುಗಿ ಅರ್ಧ ನೀರು ಹೆಂಡತಿಯ ಮೇಲೆ ಚೆಲ್ಲಿತು. ಆಕೆ ನಕ್ಕರು. ಹೌದು, ಆ ರೂಮಿನಲ್ಲಿ ನಗು ಬಂತು.

ಮಗು 1 ಗಂಟೆ 50 ನಿಮಿಷ ಇದ್ದ. ಎಲ್ಲವೂ ಅಮ್ಮನ ಎದೆ ಮೇಲೆಯೇ. ಕೊನೆಕೊನೆಗೆ ಉಸಿರು ಬಿಟ್ಟು ಬಿಟ್ಟು ಬರುವಾಗ ಎರಡು ಸಲ ಮಾರ್ಫಿನ್ ಹನಿ ಹಾಕಿದರು. ನನ್ನನ್ನು ಪ್ರಾರ್ಥಿಸಿ ಅಂದರು. ಏನಂತ ಅಂದೆ. ಏನೂ ಬೇಡ, 139 ಓದಿ ಅಂದರು. ನನಗೆ ಗಾಬರಿಯಾಯಿತು. 13 ಬೇಡ, 16 ಓದಿ ಅಂತ ಆಕೆಯೇ ಹೇಳಿದರು. ಇನ್ನೂ ರೂಪವಾಗದ ನನ್ನನ್ನು ನಿನ್ನ ಕಣ್ಣು ನೋಡಿತು ಅನ್ನುವ ಅರ್ಥದ ವಚನ. ಅಷ್ಟು ವಾರ ಆ ಕಾರ್ಡು ಇಟ್ಟುಕೊಂಡು ಜಗಳವಾಡುತ್ತಾ ಆಕೆ ಮೂರು ವಚನ ಮುಂದೆ ಹೋಗಿದ್ದರು, ನನಗೆ ಗೊತ್ತೇ ಇರಲಿಲ್ಲ. ಓದಿದೆ. ಇನ್ನೊಂದು ಸಲ ಅಂದರು. ಓದಿದೆ.

ಆಮೇಲೆ

ಮೂರನೇ ದಿನ ಎದೆಹಾಲು ಬಂತು. ಬರುತ್ತದೆ ಅಂತ ಹೇಳಿದ್ದೆವು, ನಿಲ್ಲಿಸುವ ಮಾತ್ರೆಯನ್ನೂ ಡಾಕ್ಟರ್ ಕೊಟ್ಟಿದ್ದರು, ಆದರೂ ಸ್ವಲ್ಪ ಬಂತು. ಆ ದಿನ ಆಕೆ ಅತ್ತಷ್ಟು ಹೆರಿಗೆಯ ದಿನವೂ ಅತ್ತಿರಲಿಲ್ಲ. ಕೂಟದ ಇಬ್ಬರು ಹೆಂಗಸರು ಬಂದು ಕೂತಿದ್ದರು, ಒಂದು ವಚನವನ್ನೂ ಹೇಳಲಿಲ್ಲ. ಬೈಬಲಿನಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ಮಾತಾಡದೆ ಕೂತದ್ದೇ ಅವರು ಮಾಡಿದ ಒಳ್ಳೆಯ ಕೆಲಸ, ಬಾಯಿ ಬಿಟ್ಟ ಮೇಲೆ ಕೆಡಿಸಿದರು.

ಗುಂಪು ಬಿಟ್ಟಿದ್ದ ಹಿರಿಯರು ಸಮಾಧಿಯ ದಿನ ಬಂದು, ಎರಡು ಮನಸ್ಸು ಮಾಡದಿದ್ದರೆ ಉಳಿಯುತ್ತಿತ್ತು ಅಂದರಂತೆ. ಹುಟ್ಟುಕುರುಡನೊಬ್ಬನನ್ನು ನೋಡಿ, ಯಾರ ಪಾಪ, ಇವನದಾ ತಂದೆತಾಯಿಯದಾ ಅಂತ ಶಿಷ್ಯರು ಕೇಳಿದಾಗ ಯೇಸು ಇಬ್ಬರದೂ ಅಲ್ಲ ಅಂದದ್ದು ಯೋಹಾನ 9ರಲ್ಲಿದೆ. ಅದನ್ನು ಪಾಸ್ಟರ್ ಅಲ್ಲೇ ಹೇಳಿದರು, ಸ್ವಲ್ಪ ಗಟ್ಟಿಯಾಗಿಯೇ. ನನಗೆ ಖುಷಿಯಾಯಿತು ಅಂತ ಬರೆದರೆ ತಪ್ಪಾಗಲಾರದು.

ಆರು ವಾರ ಕಳೆದು ಗಂಡ ಹೆಂಡತಿ ಇಬ್ಬರ ಕಿಡ್ನಿಗೂ ಸ್ಕ್ಯಾನ್ ಮಾಡಿಸಿದರು, ಕೆಲವೊಮ್ಮೆ ಇದು ಮನೆತನದಲ್ಲಿ ಬರುವುದುಂಟು. ಇಬ್ಬರದ್ದೂ ಸರಿ ಇತ್ತು. ಆಕೆ ಆರಾಧನೆಗೆ ಹೋಗುತ್ತಾರೆ, ಕೊನೆ ಸಾಲಿನಲ್ಲಿ ಕೂರುತ್ತಾರೆ, ಹಾಡು ಶುರುವಾದರೆ ಎದ್ದು ಹೊರಗೆ ಬರುತ್ತಾರೆ.

ಎಲ್ಲರೂ ಆಕೆಯನ್ನೇ ವಿಚಾರಿಸುತ್ತಿದ್ದರು, ನಾನೂ ಅಷ್ಟೇ. ಮೂರು ತಿಂಗಳಾದ ಮೇಲೆ ಫೋನ್ ಬಂದದ್ದು ಗಂಡನಿಂದ. ರಾತ್ರಿ ಒಂಬತ್ತೂವರೆಗೆ ಕೈ ತಾನಾಗೇ ಹೋಗುತ್ತೆ ಅಕ್ಕ ಅಂದರು. "15 ವಾರ ಒಂದೇ ಕೇಳಿದೀನಿ. ಈಗ ಏನು ಕೇಳಬೇಕು ಅಂತಾನೇ ಗೊತ್ತಾಗ್ತಿಲ್ಲ." ಏನು ಮಾಡ್ತೀರಿ ಅಂತ ಕೇಳಿದೆ. ಇಬ್ಬರೂ ಕೂತು ಕರ್ತನ ಪ್ರಾರ್ಥನೆ ಹೇಳ್ತೀವಿ ಅಂದರು. ಆ ಸಾಲು ಬಂದಾಗ ಈಗ ನಾನೂ ಸುಮ್ಮನಾಗ್ತೀನಿ, ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಇರ್ತೀವಿ, ಆಮೇಲೆ ಅವಳೇ ಅನುದಿನದ ಆಹಾರದಿಂದ ಶುರು ಮಾಡ್ತಾಳೆ ಅಂದರು.